ಬೀರುವಿನ ಕಿರೀಟ

ಮೆಟ್ಟಿಲು ನೋಡಿದ ಕೂಡಲೇ ಭಾವ ಒಂದು ಹೆಜ್ಜೆ ಹಿಂದಿಟ್ಟ. ಇಕ್ಕಟ್ಟು ಜಾಗ, ನುಣುಪು ಕಲ್ಲು, ನಡುವೆ ಒಂದು ತಿರುವು. ಆ ತಿರುವಿನಲ್ಲಿ ಮೆಟ್ಟಿಲುಗಳು ಹೋಳು ಮಾಡಿದ ಕಲ್ಲಂಗಡಿಯ ಹಾಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು.

ಮನೆ ಸಾಮಾನು ಸಾಗಿಸುವುದು ಅವನ ಕಸುಬು. ಜೊತೆಗೆ ದುಡಿಯುವ ಹೆಂಡತಿಯ ತಮ್ಮ ಭಾವ, ಭಾವ ಎಂದು ಕರೆದು ಕರೆದು, ಗಿರಾಕಿಗಳ ಬಾಯಲ್ಲೂ ಅವನು ಭಾವನೇ ಆಗಿಬಿಟ್ಟಿದ್ದ. ಆ ತಮ್ಮನಿಗೆ ಅವನಿಟ್ಟ ಹೆಸರು ದೊರೆ. ಬೆವರು ಬಂದರೆ ಒರೆಸಿಕೊಳ್ಳದೆ ಕರ್ಚೀಫಿನಿಂದ ಒತ್ತಿಕೊಳ್ಳುವವನನ್ನು ಇನ್ನೇನೆಂದು ಕರೆಯುವುದು?

ಭಾರ ಇಳಿಸುವಾಗ ಕೆಳಗೆ ನಿಲ್ಲುವವನೇ ಯಜಮಾನ. ತೂಕವೆಲ್ಲ ಬೀಳುವುದು ಅವನ ಮೇಲೆ, ಮಾತು ನಡೆಯುವುದೂ ಅವನದೇ. ಭಾವ ಮೊದಲಿನಿಂದಲೂ ಕೆಳಗೇ ನಿಂತವನು. ಆದರೆ ಕಳೆದ ತಿಂಗಳು ಬೇರೊಂದು ಮನೆಯಲ್ಲಿ ಫ್ರಿಜ್ಜು ಜಾರಿ ಅವನ ಎದೆಗೆ ತಾಗಿ ನಿಂತಿತ್ತು. ಯಾರಿಗೂ ಏಟಾಗಲಿಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ. ಅಂದಿನಿಂದ ಕೆಳಗೆ ನಿಂತರೆ ಮೊಣಕಾಲು ತನ್ನಷ್ಟಕ್ಕೆ ನಡುಗುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡಲು ಬೈಗುಳ ಹೆಚ್ಚು ಮಾಡಿದ್ದ. ಅದಷ್ಟೂ ದೊರೆಯ ಪಾಲಿಗೆ ಬರುತ್ತಿತ್ತು.

ಮಹಡಿಯ ಮೇಲಿನ ಆ ಮನೆ ಒಬ್ಬ ನಿವೃತ್ತ ನರ್ಸಮ್ಮನದು. ಅವರ ಹಜಾರದಲ್ಲಿ ಮೂರು ತಲೆಮಾರಿನ ಬೀರುಗಳು ಒಂದನ್ನೊಂದು ನೋಡಿಕೊಂಡು ನಿಂತಿದ್ದವು. ಅತ್ತೆಯ ಕಾಲದ್ದು ಕಪ್ಪು ಮರದ್ದು, ನೆತ್ತಿಯ ಮೇಲೆ ಕೆತ್ತನೆಯ ಕಿರೀಟ. ಅವರದೇ ಮದುವೆಯ ಕಾಲದ್ದು ಸಣಕಲು ಓರೆಗಾಲಿನದು, ಸರಿಯುವ ಗಾಜಿನದು. ಸೊಸೆ ಮೊನ್ನೆ ಹಾಕಿಸಿದ್ದು ಗೋಡೆಯುದ್ದಕ್ಕೂ ಬಿಳಿ, ಹಿಡಿಯೂ ಇಲ್ಲ, ಒತ್ತಿದರೆ ತೆರೆದುಕೊಳ್ಳುತ್ತದೆ. ಸಿಟ್ಟು ಬಂದಾಗ ಧಡಾರನೆ ಹಾಕೋಣವೆಂದರೆ ಅದಕ್ಕೂ ದಾರಿಯಿಲ್ಲ, ತಾನೇ ಮೆತ್ತಗೆ ಮುಚ್ಚಿಕೊಳ್ಳುತ್ತದೆ ಎಂದು ನರ್ಸಮ್ಮ ದೂರಿದರು. ಹೊಸದು ಜಾಗ ನುಂಗಿತ್ತು, ಹಾಗಾಗಿ ಅತ್ತೆಯ ಬೀರು ಮಗಳ ಮನೆಗೆ ಹೊರಟಿತ್ತು.

ಇಂಥ ಹಳೆಯ ಬೀರುಗಳ ಕಿರೀಟಕ್ಕೆ ಮೊಳೆ ಇರುವುದಿಲ್ಲ. ಮರದ ಗೂಟಗಳ ಮೇಲೆ ತನ್ನ ಭಾರಕ್ಕೆ ತಾನು ಕೂತಿರುತ್ತದೆ. ಎತ್ತುವ ಮೊದಲು ಕೆಳಗಿನಿಂದ ಗುದ್ದಿ, ಬಿಡಿಸಿ, ಬೇರೆ ಇಡಬೇಕು. ಭಾವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಸಂದಿಯ ಮೇಲೆ ಪಾಲಿಶ್ ದಪ್ಪಗೆ ಕೂತು ಎಲ್ಲ ಒಂದೇ ಮರದಂತೆ ಕಾಣುತ್ತಿತ್ತು. ಮಗ ಯಾವಾಗಲೋ ಅಂಟು ಹಾಕಿಸಿದ ಹಾಗಿತ್ತು ಎಂದರು ನರ್ಸಮ್ಮ. ಈ ಕೆಲಸ ಒಮ್ಮೆ ಮುಗಿದರೆ ಸಾಕಾಗಿತ್ತು ಭಾವನಿಗೆ. ಗುದ್ದಿ ನೋಡಲಿಲ್ಲ. "ಎತ್ತು," ಅಂದುಬಿಟ್ಟ.

ತಿರುವಿನವರೆಗೆ ಸರಾಗವಾಗಿ ಬಂತು. ಬುಡಕ್ಕೆ ಹಾಕಿದ ಪಟ್ಟಿ ಭಾವನ ಹೆಗಲ ಮೇಲಿತ್ತು. ಬೀರು ಮೆಟ್ಟಿಲ ಮೇಲೆ ಓರೆಯಾಗಿ ಮಲಗಿದಂತಿತ್ತು. ಅವನು ಹಿಮ್ಮುಖವಾಗಿ ಇಳಿಯುತ್ತ ಒಂದು ಕಾಲನ್ನು ಚೂಪು ಮೆಟ್ಟಿಲಿನ ಮೇಲಿಟ್ಟು ತಲೆಯೆತ್ತಿದ. ಕಿರೀಟಕ್ಕೂ ಬೀರುವಿಗೂ ನಡುವೆ ಒಂದು ಕಪ್ಪು ಗೆರೆ ಕಂಡಿತು.

ಗೆರೆ ಮೊದಲು ಇರಲಿಲ್ಲ. ಪಾಲಿಶ್ ಬಿರಿದು ಸಣ್ಣ ಸಣ್ಣ ಚಕ್ಕೆ ಅವನ ಮುಖದ ಮೇಲೆ ಉದುರಿತು. ಮೇಲೆ ದೊರೆಯ ಎರಡು ಕೈಯೂ ಕಿರೀಟವನ್ನೇ ಹಿಡಿದಿದ್ದವು. ಹಿಡಿಯಲು ಅಷ್ಟು ಚಂದದ ಕೆತ್ತನೆ ಸಿಕ್ಕರೆ ಯಾರು ಬಿಟ್ಟಾರು? ಅವನು ನಿಂತ ಕಡೆಗೆ ಈ ಸಂದಿ ಕಾಣುವಂತಿರಲಿಲ್ಲ. ಗೂಟಗಳು ಪೂರ್ತಿ ಹೊರಬಂದರೆ ಕಿರೀಟ ದೊರೆಯ ಕೈಯಲ್ಲಿ ಉಳಿಯುತ್ತದೆ, ಬೀರು ಭಾವನ ಎದೆಯ ಮೇಲೆ ಬರುತ್ತದೆ. ಹಿಂದೆ ಹೋಗಲು ಬರಿಯ ಮೆಟ್ಟಿಲು.

ಕಿರೀಟ ಕಿತ್ತುಬರುತ್ತಿದೆ ಎಂದು ಕೂಗಿದರೆ ದೊರೆ ಬೆಚ್ಚಿಬೀಳುತ್ತಾನೆ; ಬೆಚ್ಚಿದರೆ ಎಳೆಯುತ್ತಾನೆ. ಅವನಿಗೆ ತಿಳಿಯದ ಹಾಗೆ ಕೈ ಬದಲಿಸಬೇಕು. ಭಾವ ಇದ್ದಬದ್ದ ಮೆದುತನವನ್ನೆಲ್ಲ ದನಿಗೆ ತಂದುಕೊಂಡ.

"ಒಂದು ನಿಮಿಷ ಅಲ್ಲೇ ನಿಲ್ಲಪ್ಪ ದೊರೆ. ತುಂಬಾ ಚೆನ್ನಾಗಿ ಹಿಡ್ಕೊಂಡಿದ್ದೀಯ."

ಮೇಲಿನಿಂದ ಸಣ್ಣ ದನಿ ಬಂತು. "ಏನಾಯ್ತು ಭಾವ?"

"ಏನೂ ಇಲ್ಲಪ್ಪ..."

"ಏನೋ ಆಗಿದೆ. ನೀವು ಯಾಕೆ ಹೀಗೆ ಮಾತಾಡ್ತಾ ಇದ್ದೀರ?"

ದೊರೆಯ ಕೈ ನಡುಗಿದ್ದು ಮರದೊಳಗಿಂದ ಇಳಿದು ಭಾವನ ಹೆಗಲಿಗೆ ತಲುಪಿತು. ಕಪ್ಪು ಗೆರೆ ಬೆರಳು ತೂರುವಷ್ಟಾಯಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ಭಾವನಿಂದ ಅಪ್ಪ ಎನ್ನಿಸಿಕೊಳ್ಳದವನಿಗೆ ಆ ಮಾತೇ ಅಪಾಯದ ಗಂಟೆಯಾಗಿತ್ತು. ಭಾವನಿಗೆ ಅದು ಹೊಳೆಯುವಷ್ಟರಲ್ಲಿ ಇನ್ನೊಂದು ಚಕ್ಕೆ ಕಣ್ಣೊಳಗೆ ಬಿತ್ತು. ನಾಲಿಗೆ ತಿರುಗುತ್ತಿರಲಿಲ್ಲ, ಆದರೂ ತಿರುಗಿಸಿದ.

"ಏನಾಗ್ಬೇಕು, ನಿನ್ನ ತಲೆ! ಹೂವಿನ ಬುಟ್ಟಿ ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀಯಲ್ಲೋ, ಹೊರೋದೆಲ್ಲ ನಾನೊಬ್ನೇನಾ? ಎಡಗೈ ತೆಗಿ. ಪಕ್ಕದ ಹಲಗೆಗೆ ಹಾಕು. ಆ ಕೆತ್ತನೆ ಮೇಲೆ ನಿನ್ನ ಕೈಗುರುತು ಬಿದ್ರೆ ಒರೆಸೋರು ಯಾರು, ನಿಮ್ಮಕ್ಕನಾ?"

"ಅಕ್ಕನ ಸುದ್ದಿ ಯಾಕೆ ತೆಗೀತೀರ," ಅಂದ ದೊರೆ. ಅವನ ಎಂದಿನ ಮುನಿಸು. ಭಾವನಿಗೆ ಅಳು ಬಂದಂತಾಯಿತು.

ಎಡಗೈ ಬಿಟ್ಟಿತು. ಆ ಕ್ಷಣ ಇಡೀ ಮೇಲ್ಭಾಗ ದೊರೆಯ ಬಲಗೈಯಲ್ಲಿ, ಆ ಬಲಗೈಯ ಹಿಡಿತ ಅರ್ಧ ಕಿತ್ತುಬಂದ ಎರಡು ಗೂಟಗಳ ಮೇಲೆ. ಎಡಗೈ ಪಕ್ಕದ ಹಲಗೆಯನ್ನು ತಡವಿತು, ಜಾರಿತು, ಮತ್ತೆ ತಡವಿ ಗಟ್ಟಿಯಾಗಿ ಕಚ್ಚಿಕೊಂಡಿತು.

ಅಷ್ಟರಲ್ಲಿ ಇಷ್ಟು ಹೊತ್ತು ಯಾಕೆಂದು ನರ್ಸಮ್ಮ ಬಾಗಿಲಿಗೆ ಬಂದರು. ಬಾಯಿ ತೆರೆದವರು ಕೆಳಗಿದ್ದ ಭಾವನ ಮುಖ ನೋಡಿ ಹಾಗೇ ಮುಚ್ಚಿಕೊಂಡರು. ಅಂಥ ಮುಖಗಳನ್ನು ಅವರು ಆಸ್ಪತ್ರೆಯಲ್ಲಿ ಸಾಕಷ್ಟು ನೋಡಿದ್ದರು. ಭಾವನ ಕಣ್ಣು ಹೋಗಿದ್ದ ಕಡೆ ಅವರ ಕಣ್ಣೂ ಹೋಯಿತು. ಚಪ್ಪಲಿ ಕಳಚಿ ಸದ್ದಿಲ್ಲದೆ ಎರಡು ಮೆಟ್ಟಿಲು ಇಳಿದು ದೊರೆಯ ಪಕ್ಕದಿಂದ ಕಿರೀಟಕ್ಕೆ ಕೈಯೊಡ್ಡಿ ನಿಂತರು.

"ಅಮ್ಮ ಧೂಳು ಒರೆಸ್ತಾರಂತೆ," ಅಂದ ಭಾವ. "ಬಲಗೈನೂ ಕೆಳಗೆ ಹಾಕು. ಬೇಗ ಅಲ್ಲವೋ ಕತ್ತೆ, ನಿಧಾನ."

ಬಲಗೈ ಬಿಟ್ಟಿತು. ಕಿರೀಟ ಒಂದು ಸಲ ಕಿರ್‍ರೆಂದು ಪೂರ್ತಿ ಕಳಚಿ ನರ್ಸಮ್ಮನ ತೋಳಿಗೆ ಬಂತು. ಬೀರು ಅಲುಗಿತು. ಭಾವನ ಹೆಗಲಿನ ಪಟ್ಟಿ ಬಿಗಿಯಿತು. ಅಷ್ಟೇ. ಮೇಲಿನ ಎರಡು ಕೈಗಳು ಹಲಗೆಯನ್ನು ಬಿಡಲಿಲ್ಲ.

ತಿರುವು ದಾಟಿ ಅಗಲ ಜಾಗದಲ್ಲಿ ಬೀರು ನಿಲ್ಲಿಸಿದ ಮೇಲೆ ದೊರೆ ಹಿಂತಿರುಗಿ ನೋಡಿದ. ನರ್ಸಮ್ಮನ ಕೈಯಲ್ಲಿ ಕಿರೀಟ. ಗೂಟಗಳಲ್ಲಿ ಒಂದು ಮುರಿದಿತ್ತು. ಅವನಿಗೆ ಎಲ್ಲ ಅರ್ಥವಾಯಿತು. ಮೆಟ್ಟಿಲ ಮೇಲೆ ಕೂತ. ಭಾವನೂ ಕೂತ. ನರ್ಸಮ್ಮ ಇಬ್ಬರಿಗೂ ನೀರು ಕೊಟ್ಟರು, ಗುಟುಕು ಗುಟುಕಾಗಿ ಕುಡಿಯಿರಿ ಎಂದು ಗದರಿಸಿ ಒಳಗೆ ಹೋದರು.

"ಗುದ್ದಿ ನೋಡ್ಲಿಲ್ಲ ಕಣೋ, ತಪ್ಪು ನಂದೇ," ಅಂದ ಭಾವ. "ನನ್ನ ಕೈಲಿ ಆಗ್ತಿಲ್ಲ. ಕೆಳಗೆ ನಿಂತ್ರೆ ಕಾಲು ನಡುಗುತ್ತೆ."

"ಗೊತ್ತು," ಅಂದ ದೊರೆ. "ರಾತ್ರಿ ನಿದ್ದೇಲಿ ಹಿಡ್ಕೋ ಹಿಡ್ಕೋ ಅಂತ ಕೂಗ್ತೀರಂತೆ. ಅಕ್ಕ ಹೇಳಿದ್ಳು."

ಇನ್ನೂ ಒಂದು ಸಾಲು ಮೆಟ್ಟಿಲು ಬಾಕಿಯಿತ್ತು. ದೊರೆ ಎದ್ದ. ಭಾವನ ಹೆಗಲಿನಿಂದ ಪಟ್ಟಿ ಬಿಚ್ಚಿ ತಾನು ಹಾಕಿಕೊಂಡು, ಬೀರುವಿನ ಬುಡದ ಕಡೆ ಹೋಗಿ ನಿಂತ. ಭಾವ ತಡೆಯಬೇಕೆಂದುಕೊಂಡ. ತಡೆಯಲಿಲ್ಲ.

ಭಾವ ಮೇಲೆ ನಿಂತು ಎರಡೂ ಪಕ್ಕದ ಹಲಗೆಗಳನ್ನು ಅಂಗೈ ನೋಯುವಷ್ಟು ಬಿಗಿಯಾಗಿ ಹಿಡಿದ. ಬೀರು ಮೆಲ್ಲನೆ ಓರೆಯಾಯಿತು. ಕೆಳಗೆ ದೊರೆಯ ನೆತ್ತಿ, ಓರಣವಾಗಿ ತೆಗೆದ ಬೈತಲೆ, ಅದರ ಆಚೆ ಬರಿಯ ಕಲ್ಲು ಕಂಡವು. ಇಲ್ಲಿ ನಿಂತರೆ ಹಾಯಾಗಿರುತ್ತದೆಂದು ಅವನು ಇಷ್ಟು ದಿನ ನಂಬಿದ್ದ. ಮೊಣಕಾಲು ನಡುಗಲಿಲ್ಲ, ನಿಜ. ಆದರೆ ಈಗ ಬೆವರಿದ್ದು ಅಂಗೈ. ಜಾರಿದರೆ ಹೆಂಡತಿಯ ಮುಂದೆ ಹೋಗಿ ಏನೆಂದು ನಿಲ್ಲುವುದು?

"ಹಿಡಿದಿದ್ದೀರಾ ಭಾವ?"

ದೊರೆ ಕಾಲೆತ್ತದೆ ಕಾದು ನಿಂತ. ಭಾವ ಒಂದೊಂದೇ ಕೈಯನ್ನು ಅಂಗಿಗೆ ಒರೆಸಿಕೊಂಡು, ಹಿಡಿತ ಸರಿಮಾಡಿಕೊಂಡು, ಇನ್ನೊಮ್ಮೆ ಎಳೆದು ನೋಡಿದ.

"ಹಿಡಿದಿದ್ದೀನಿ. ಇಳಿ."