ನಾಟಿಯ ಮಳೆ

ರಾತ್ರಿ ತಗಡಿನ ಮೇಲೆ ಟಪ್ಪೆಂದು ಹನಿ ಬಿತ್ತು. "ಮಳೆ ಬತ್ತು ಕಣವ್ವ. ನಾಳಿಂದ ಹೊಗೆಸೊಪ್ಪು ನಾಟಿ," ಎಂದರು ಮಾವ ಜವರಯ್ಯ. ನನಗೆ ಮತ್ತೆ ನಿದ್ದೆ ಬರಲಿಲ್ಲ.

ಹುಣಸೂರಿನ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಬೇಸಿಗೆ ಕೋರ್ಸಿಗೆ ಹದಿನೈದು ವಿದ್ಯಾರ್ಥಿಗಳಾದರೂ ಬರಬೇಕು; ಕಡಿಮೆಯಾದರೆ ತರಗತಿಯೂ ಇಲ್ಲ, ನನಗೆ ಕೆಲಸವೂ ಇಲ್ಲ ಎಂಬುದು ವಿಶ್ವವಿದ್ಯಾಲಯದ ನಿಯಮ.

ಬೆಳಿಗ್ಗೆ ಆರು ಜನ ಬಂದಿದ್ದರು. ಉಳಿದವರೆಲ್ಲ ಅಪ್ಪಂದಿರ ಜೊತೆ ನಾಟಿಗೆ ಇಳಿದಿದ್ದರು. "ಕೋರ್ಸು ನಿಲ್ಲಿಸ್ಬೇಕಾಗುತ್ತಮ್ಮ," ಎಂದ ಪ್ರಾಂಶುಪಾಲರು ನನ್ನ ಮುಖ ನೋಡಲಿಲ್ಲ.

ಸಂಜೆ ಹೊಲದ ಬದುವಿನಲ್ಲಿ ಮಾವ ನಗುತ್ತಾ ಕೇಳಿದರು: "ಆಳು ಸಿಕ್ತಿಲ್ಲ. ನಾಳೀಕೆ ರಜಾ ಹಾಕಾಕಾಯ್ತದಾ, ಮೇಡಮ್ನೋರೇ?"

"ಹಾಕ್ತೀನಿ ಮಾವ," ಎಂದೆ. ನಾಟಿ ಮುಗಿದ ಮೇಲೆ ಎಂದಿನಂತೆ ಹುಣಸೂರಿನ ಬಸ್ಸು ಹತ್ತಬೇಕು, ಕೆಲಸ ಹೋದದ್ದನ್ನು ಯಾರಿಗೂ ಹೇಳಬಾರದು ಎಂದುಕೊಂಡೆ.