ಡೇರೆಯೊಳಗಿನ ಭಾವ

ಡೇರೆ ಮಾರುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅಂಗಡಿಯ ನುಣುಪಾದ ಟೈಲ್ಸ್ ನೆಲದ ಮೇಲೆ ಗಿರಾಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಡೇರೆ ಎಬ್ಬಿಸಿ, "ಬಿರುಗಾಳಿ ಬಂದ್ರೂ ಅಲ್ಲಾಡಲ್ಲ ಸರ್" ಎಂದು ಫ್ಯಾನಿನ ಕೆಳಗೆ ನಿಂತು ಎದೆ ತಟ್ಟುತ್ತಿದ್ದ. ಒಂದು ರಾತ್ರಿಯೂ ಡೇರೆಯಲ್ಲಿ ಮಲಗಿದವನಲ್ಲ, ಅದು ಬೇರೆ ಮಾತು.

ಹೆಂಡತಿಯ ಅಣ್ಣ ಮಾತ್ರ ಮದುವೆಯಾದಾಗಿನಿಂದ ಅವನನ್ನು "ಬಟ್ಟೆಮನೆ ದೊರೆ" ಎಂದು ಹಂಗಿಸುತ್ತಿದ್ದ. ಈ ಭಾವನ ಬಾಯಲ್ಲಿ ಒಮ್ಮೆಯಾದರೂ ಭೇಷ್ ಅನ್ನಿಸಿಕೊಳ್ಳಬೇಕೆಂಬುದೇ ಅವನ ದೊಡ್ಡ ಆಸೆ. ಅದಕ್ಕೇ ಅಂಗಡಿಯ ಪ್ರದರ್ಶನದ ಡೇರೆಯನ್ನು ಕಟ್ಟಿಕೊಂಡು, ಹೆಂಡತಿ ಮತ್ತು ಭಾವನನ್ನು ತಾವಿದ್ದ ದ್ವೀಪದ ತುದಿಯ ಕಾಡಿನ ಪಾರ್ಕಿಗೆ ಕರೆತಂದ. ಎತ್ತರದ ಬಂಡೆ, ಕೆಳಗೆ ಸಮುದ್ರ, ಸುತ್ತ ಒಂದು ನರಪಿಳ್ಳೆಯೂ ಇಲ್ಲ.

ಡೇರೆ ಎದ್ದಿತು. ಗೂಟಗಳಿಗಾಗಿ ಚೀಲಕ್ಕೆ ಕೈ ಹಾಕಿದರೆ ಒಂದೂ ಇಲ್ಲ. ಟೈಲ್ಸಿಗೆ ಯಾರು ಗೂಟ ಹೊಡೆಯುತ್ತಾರೆ? ಅವು ಅಂಗಡಿಯ ಡ್ರಾಯರಿನಲ್ಲೇ ಹಾಯಾಗಿದ್ದವು. ಡೇರೆ ಆಗಲೇ ಗಾಳಿಗೆ ಬಂಡೆಯಂಚಿನ ಕಡೆ ಜರುಗುತ್ತಿತ್ತು. ಕಲ್ಲು ಹೇರಿದರೆ ಗುಟ್ಟು ರಟ್ಟಾಗುತ್ತದೆ. ಅಷ್ಟರಲ್ಲಿ ಅವನ ಕಣ್ಣು ಭಾವನ ದಪ್ಪ ಮೈ ಮೇಲೆ ಬಿತ್ತು.

"ಭಾವ, ಒಳಗೆ ಬನ್ನಿ. ನೀವು ಕೂತ್ರೇನೇ ಡೇರೆಗೊಂದು ಕಳೆ."

ಆಮೇಲೆ ನಡೆದ ಉಪಚಾರ ಅಷ್ಟಿಷ್ಟಲ್ಲ. ಚಹಾ ಒಳಗೇ, ಬಿಸ್ಕತ್ತು ಒಳಗೇ, ಕೈ ತೊಳೆಯಲು ನೀರೂ ಒಳಗೇ. ಸೂರ್ಯ ಮುಳುಗುವುದನ್ನು ನೋಡಲು ಭಾವ ಎದ್ದರೆ, "ನೀವ್ಯಾಕೆ ಏಳ್ತೀರಿ, ಇಲ್ಲಿಂದಲೇ ಕಾಣುತ್ತೆ" ಎಂದು ಹೆಗಲು ಹಿಡಿದು ಕೂರಿಸಿದ. ಕಾಲೂ ಒತ್ತಿದ. ಹೆಂಡತಿ ಡೇರೆಯ ಗೂಟವಿಲ್ಲದ ಮೂಲೆ ನೋಡಿದಳು, ಗಂಡನ ಮುಖ ನೋಡಿದಳು, ನಗು ನುಂಗಿದಳು.

"ಅಣ್ಣಾ, ಇನ್ನೊಂದು ಲೋಟ ಚಹಾ ಕುಡಿ."

ಭಾವನ ಕಣ್ಣು ತುಂಬಿ ಬಂತು. "ಇಷ್ಟು ವರ್ಷ ನಿನ್ನನ್ನ ತಪ್ಪು ತಿಳ್ಕೊಂಡಿದ್ದೆ ಕಣಯ್ಯಾ. ನನ್ನ ಮಕ್ಕಳೂ ಹೀಗೆ ನೋಡ್ಕೊಂಡಿಲ್ಲ. ಭೇಷ್!"

ಅಂತೂ ಬಂತು ಆ ಮಾತು. ಡೇರೆಯ ಬಾಗಿಲಲ್ಲಿ ನಿಂತಿದ್ದ ಅವನು ಹಿಗ್ಗಿ ಹೀರೇಕಾಯಿಯಾದ. ಆ ಖುಷಿಯಲ್ಲಿ ಕಾವಲು ಮರೆತ. ಭಾವ ಎದ್ದು ಹೊರಗೆ ಬಂದು ಅವನನ್ನು ಬಿಗಿಯಾಗಿ ತಬ್ಬಿಕೊಂಡೇಬಿಟ್ಟ.

ಡೇರೆ ಒಮ್ಮೆ ಉಬ್ಬಿತು. ಒಂದು ಉರುಳು ಉರುಳಿ, ಅಂಚು ದಾಟಿ, ಸಮುದ್ರದ ಪಾಲಾಯಿತು. ಭಾವ ಖಾಲಿ ನೆಲ ನೋಡಿದ. ಗೂಟ ಹೊಡೆದ ಒಂದು ತೂತೂ ಇರಲಿಲ್ಲ. ತಬ್ಬಿದ್ದ ಕೈ ಮೆಲ್ಲನೆ ಸಡಿಲವಾಯಿತು.

"ಹಾಗಾದ್ರೆ ಆ ಚಹಾ, ಕಾಲು ಒತ್ತಿದ್ದು, ಎಲ್ಲಾ..."

ಅವನು ಸಮುದ್ರದ ಕಡೆ ಮುಖ ತಿರುಗಿಸಿದ. ಹೆಂಡತಿಯೇ ಹೇಳಿದಳು:

"ಏಳಬೇಡ ಅಂತ ಅಷ್ಟು ಹೇಳಿದ್ವಲ್ಲ ಅಣ್ಣಾ."