ಮುಂದಿದ್ದವರು ಕೂಗಬೇಕು

ಮಣ್ಣಿನ ದಾರಿಯಲ್ಲಿ ಇಬ್ಬರು ಸೈಕಲ್ ತುಳಿಯುವಾಗ ಮುಂದಿದ್ದವರು ಕೂಗಬೇಕು. ಇದು ವೀರಭದ್ರಯ್ಯನವರು ಮಗಳಿಗೆ ಹಾಕಿಕೊಟ್ಟ ಕಟ್ಟಳೆ. ಕಲ್ಲು, ಗುಂಡಿ, ಕೆಸರು, ಏನೇ ಎದುರಾದರೂ ಮುಂದಿನವರು ಕೂಗಿ ಹೇಳುವುದು, ಹಿಂದಿನವರು ಮರುಮಾತಿಲ್ಲದೆ ನಂಬುವುದು. ಆದರೆ ಬರಿದೆ 'ಕಲ್ಲು' ಎಂದರೆ ಅವರ ಬಾಯಿಗೆ ರುಚಿ ಎಲ್ಲಿಂದ ಬರಬೇಕು? ಸಣ್ಣ ದುಂಡುಗಲ್ಲಿಗೆ ಇಡ್ಲಿ ಎಂದು ಹೆಸರಿಟ್ಟರು, ದಪ್ಪನೆಯದಕ್ಕೆ ಮುದ್ದೆ, ಕೆಸರಿಗೆ ಪಾಯಸ. ಹೆಸರಘಟ್ಟದ ಕೆರೆ ದಂಡೆಯಲ್ಲಿ ಅವರು 'ಮುದ್ದೆ, ಎಡಕ್ಕೆ' ಎಂದು ಕೂಗಿದರೆ ಕುರಿ ಕಾಯುವವರು ಊಟಕ್ಕೆ ಕರೆಯುತ್ತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದರು.

ಈ ಹುಚ್ಚನ್ನು ಮನೆಗೆ ತಂದವಳು ಮಗಳು ಅಕ್ಷಯಾ. ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲೆ ಅವಳು ಒಂದು ಗ್ರಾವೆಲ್ ಬೈಕ್ ಕೊಂಡಳು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಮಣ್ಣುದಾರಿಗೆಂದೇ ಮಾಡಿದ ಅಗಲವಾದ ಟೈರು. ಚಾಮರಾಜಪೇಟೆಯ ಮನೆಯಂಗಳದಲ್ಲಿ ಅದನ್ನು ಕಂಡ ವೀರಭದ್ರಯ್ಯನವರು, ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡೂ ಇಲ್ಲ, ಕಳ್ಳ ಬಿಚ್ಚಿಕೊಂಡು ಹೋದಮೇಲೆ ಉಳಿದದ್ದನ್ನು ಮಾರಿದ್ದಾರೆ ಎಂದು ನಕ್ಕರು. ಒಂದು ಭಾನುವಾರ ಅದನ್ನು ತುಳಿದು ನೋಡಿದರು. ಮುಂದಿನ ತಿಂಗಳು ತಮಗೂ ಒಂದು ತಂದರು. ಹಗ್ಗ, ಗೋಣಿಚೀಲದ ಅಂಗಡಿಯಲ್ಲಿ ವಾರವೆಲ್ಲ ಧೂಳು ಕುಡಿಯುವ ಮನುಷ್ಯನಿಗೆ ಹೆಸರಘಟ್ಟದ ಹುಲ್ಲುಗಾವಲಿನ ಗಾಳಿ ಎಂಥ ಅಮಲೇರಿಸಿತೋ, ಆಮೇಲೆ ಭಾನುವಾರ ಮದುವೆ ಮುಂಜಿ ಯಾವುದು ಬಂದರೂ ಹೆಂಡತಿ ದಾಕ್ಷಾಯಣಮ್ಮ ಒಬ್ಬರೇ ಹೋಗಿ ಉಡುಗೊರೆ ಕೊಟ್ಟು ಬರಬೇಕಾಯಿತು. ಬೆಳಗಿನ ಜಾವ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿಯ ಮೇಲೆಯೇ ಹೆಲ್ಮೆಟ್ ಹಾಕಿ, ಮೆಜೆಸ್ಟಿಕ್ ಎಚ್ಚರವಾಗುವ ಮೊದಲೇ ಅದನ್ನು ದಾಟಿ, ಅಪ್ಪ ಮಗಳು ಹೆಸರಘಟ್ಟ ಸೇರುತ್ತಿದ್ದರು.

ಮೊದಮೊದಲು ಅಪ್ಪನೇ ಮುಂದೆ. ಆಮೇಲೆ ಒಂದು ಸಲ ಅವರು ಇಡ್ಲಿ ಎಂದು ಕೂಗಿದ್ದು ಮುದ್ದೆಯಾಗಿತ್ತು. ಇನ್ನೊಂದು ಸಲ ಕೂಗಲೇ ಇಲ್ಲ, ಅಕ್ಷಯಾ ಬಿದ್ದು ಮೊಣಕೈ ತರಚಿಕೊಂಡಳು. ಅವಳೇ ಹಟಹಿಡಿದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗ್ಲಾಕೋಮಾ ಎಂದರು. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು, ಕಾಲಬುಡದ್ದು ಕಾಣುವುದಿಲ್ಲ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು, ಸೈಕಲ್ಲು ಸ್ಕೂಟರು ಕೂಡದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ವೀರಭದ್ರಯ್ಯನವರು ಸರಿ ಸರಿ ಎಂದು ತಲೆಯಾಡಿಸಿದರು. ಹೊರಗೆ ಬಂದವರೇ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಅಂಗಿಯಿಂದ ತೆಗೆದು ಮಗಳ ಮುಂದೆ ಹಿಡಿದರು.

"ಲಿಂಗ ಮುಟ್ಟಿ ಹೇಳು, ನಿಮ್ಮಮ್ಮಂಗೆ ಹೇಳಲ್ಲ ಅಂತ. ಅವಳು ಹೆದರ್ಕೊಂಡು ನನ್ನ ಮನೇಲೇ ಕಟ್ಟಾಕ್ಬಿಡ್ತಾಳೆ."

ಅಕ್ಷಯಾ ವಿಜ್ಞಾನ ಓದಿದವಳು, ನಿಜ. ಆದರೆ ಅಪ್ಪನ ಎದೆಯ ಮೇಲಿನ ಲಿಂಗ ಮುಟ್ಟಿ ಆಡಿದ ಮಾತನ್ನು ಮುರಿಯುವಷ್ಟು ಓದಿರಲಿಲ್ಲ. ಮುಟ್ಟಿದಳು, ಸಿಕ್ಕಿಬಿದ್ದಳು.

ಅಂದಿನಿಂದ ಅವಳು ಮುಂದೆ, ಅಪ್ಪ ಹಿಂದೆ. ತನಗೆ ಮೊಣಕಾಲು ನೋವೆಂದು ಅಪ್ಪನಿಗೆ ಸುಳ್ಳು ಹೇಳಿ ಸೈಕಲ್ಲುಗಳನ್ನು ಕಾರಿಗೆ ಕಟ್ಟಿ ಒಯ್ಯುವ ಏರ್ಪಾಡು ಮಾಡಿದಳು, ಟಾರು ರಸ್ತೆಯ ಲಾರಿಗಳನ್ನಾದರೂ ತಪ್ಪಿಸಬಹುದಲ್ಲ ಎಂದು. ದಾರಿಯುದ್ದಕ್ಕೂ ಕೂಗುತ್ತಿದ್ದಳು. ಅಪ್ಪ ಅವಳ ದನಿ ಹಿಡಿದು, ಅವಳ ಟೈರು ತುಳಿದ ಗೆರೆಯನ್ನೇ ತುಳಿದು ಬರುತ್ತಿದ್ದರು. ಎಷ್ಟು ಚೆನ್ನಾಗಿ ಬರುತ್ತಿದ್ದರೆಂದರೆ ನೋಡಿದವರು ಕುರುಡಾಗುತ್ತಿರುವ ಮನುಷ್ಯ ಎಂದರೆ ನಂಬುತ್ತಿರಲಿಲ್ಲ. ಅಪ್ಪನೂ ನಂಬಲಿಲ್ಲ. ಅದೇ ಕೇಡಾಯಿತು. ಮಗಳ ಕಣ್ಣಿನಿಂದ ಗಳಿಸಿದ ಧೈರ್ಯವನ್ನು ಸೋಮವಾರದಿಂದ ಒಬ್ಬರೇ ಅಂಗಡಿಗೆ ಹೋಗುವಾಗಲೂ ಖರ್ಚು ಮಾಡತೊಡಗಿದರು. ಹಳೆಯ ಸೈಕಲ್ಲೇರಿ ಆಟೋ, ಬಸ್ಸು, ಲಗೇಜ್ ಗಾಡಿಗಳ ನಡುವೆ ನುಗ್ಗುತ್ತಿದ್ದರು. ಬಿಡಿ ಎಂದು ಅಕ್ಷಯಾ ಬೇಡಿದಳು, ಬೈದಳು, ಅತ್ತಳು. ಎಲ್ಲವೂ ಕೋಣನ ಮುಂದೆ ಕಿನ್ನರಿ. ನಾನು ಈಗಲೂ ಪೇಪರ್ ಓದುತ್ತೇನಲ್ಲ ಎನ್ನುವುದೊಂದೇ ಅವರ ಉತ್ತರ.

ಒಂದು ಸಂಜೆ ಅವಳು ಕಾಲೇಜಿನಿಂದ ಬರುವಾಗ ಸಿರ್ಸಿ ಸರ್ಕಲ್ ಹತ್ತಿರ ಅಪ್ಪ ಮುಂದೆ ಹೋಗುತ್ತಿರುವುದು ಕಂಡಿತು. ಪಕ್ಕದಿಂದ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಅಪ್ಪನಿಗೆ ಆಕೆ ಕಾಣಲಿಲ್ಲ. ಬುಟ್ಟಿ ಉರುಳಿತು, ಆಕೆ ಮಂಡಿಯೂರಿ ಬಿದ್ದಳು, ಹಿಂದಿದ್ದ ಬಸ್ಸು ಕಿರುಚಿ ನಿಂತಿತು. ಆಕೆಗೂ ಬಸ್ಸಿಗೂ ನಡುವೆ ಒಂದು ಮೊಳ ಜಾಗವಿದ್ದರೆ ಹೆಚ್ಚು. ಅಪ್ಪ ಇಳಿದು, ನೋಡಿಕೊಂಡು ಬರಬಾರದೇನಮ್ಮ ಎಂದು ಆಕೆಗೇ ಬುದ್ಧಿ ಹೇಳುತ್ತಿದ್ದರು. ಇವರು ಸಾಯುತ್ತಾರೆ, ಇಲ್ಲವೇ ಕೊಲ್ಲುತ್ತಾರೆ ಎಂಬುದು ಅಕ್ಷಯಾಳಿಗೆ ಆ ಕ್ಷಣದಲ್ಲಿ ಖಚಿತವಾಯಿತು.

ರಾತ್ರಿಯಿಡೀ ಹೊರಳಾಡಿ ಅವಳು ಒಂದು ಉಪಾಯ ಕಂಡುಕೊಂಡಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದೇ ಒಂದು ಸಲ ಕೂಗದೆ ಇರುವುದು. ಮೆತ್ತನೆಯ ಜಾಗದಲ್ಲಿ, ನಿಧಾನವಾಗಿ ಹೋಗುವಾಗ. ಬಿದ್ದರೆ ತಮಗೆ ಕಾಣುವುದಿಲ್ಲವೆಂದು ಅವರಿಗೇ ಗೊತ್ತಾಗುತ್ತದೆ. ತಾಯಂದಿರು ಎದೆಗೆ ಬೇವು ಹಚ್ಚಿ ಮಗುವಿಗೆ ಹಾಲು ಬಿಡಿಸುವುದಿಲ್ಲವೇ, ಇದೂ ಹಾಗೆಯೇ ಎಂದು ಸಮಾಧಾನ ಹೇಳಿಕೊಂಡಳು.

ಆ ಭಾನುವಾರ ಹಿಂದಿನ ದಿನದ ಮಳೆಗೆ ನೆಲ ನೆಂದಿತ್ತು. ಹುಲ್ಲುಗಾವಲು ಕಣ್ಣು ಹಾಯುವಷ್ಟು ದೂರ ಹಸಿರಾಗಿತ್ತು, ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅಪ್ಪ ಬಹಳ ಖುಷಿಯಲ್ಲಿದ್ದರು. ಹಿಂದಿನಿಂದ ವಚನವೊಂದನ್ನು ಗುನುಗುತ್ತಾ, ನಡುನಡುವೆ ಈ ದಿನ ಇಡ್ಲಿ ಕಡಿಮೆ, ಪಾಯಸ ಜಾಸ್ತಿ ಎಂದು ತಮಾಷೆ ಮಾಡುತ್ತಾ ಬರುತ್ತಿದ್ದರು. ಅಕ್ಷಯಾ ಎಲ್ಲವನ್ನೂ ಕೂಗಿ ಹೇಳಿದಳು, ಎಂದಿಗಿಂತ ಜೋರಾಗಿ ಹೇಳಿದಳು. ದಾರಿ ಕೆರೆಯ ಅಂಚು ಬಿಟ್ಟು ಹುಲ್ಲಿಗಿಳಿಯುವ ಕಡೆ ಅರ್ಧ ಹೂತ ದಪ್ಪ ಕಲ್ಲೊಂದಿತ್ತು. ಹಿಂದಿನ ವಾರವೇ ಅದನ್ನು ನೋಡಿಟ್ಟಿದ್ದಳು. ವೇಗ ತಗ್ಗಿಸಿದಳು, ಅಪ್ಪನೂ ತಗ್ಗಿಸಿದರು. ಕಲ್ಲಿನ ಪಕ್ಕದಲ್ಲೇ ಸರಿದು ಹೋದಳು. ನಾಲಿಗೆಯ ತುದಿಗೆ ಬಂದ ಮಾತನ್ನು ಹಲ್ಲು ಕಚ್ಚಿ ತಡೆದಳು.

ಗುನುಗು ನಿಂತಿತು. ಸೈಕಲ್ ಬಿದ್ದ ಸದ್ದಾಯಿತು.

ಓಡಿ ಬಂದಳು. ಅವರು ಎದ್ದು ಕುಳಿತಿದ್ದರು. ಪೆಟ್ಟಾಗಿರಲಿಲ್ಲ, ಎಡಗೈ ಮಾತ್ರ ಸ್ವಲ್ಪ ಉಳುಕಿತ್ತು. ಕನ್ನಡಕ ಎಲ್ಲೋ ಹಾರಿತ್ತು. ಅದನ್ನು ಹುಡುಕುತ್ತಾ ಅವರ ಅಂಗೈ ಸುತ್ತಲಿನ ನೆಲವನ್ನು ಸವರುತ್ತಿತ್ತು. ಸವರುತ್ತಾ ಸವರುತ್ತಾ ಅದು ನಿಧಾನವಾಯಿತು, ಆಮೇಲೆ ನಿಂತಿತು. ಅಕ್ಷಯಾ ಕನ್ನಡಕ ಹೆಕ್ಕಿ ಕೊಟ್ಟಳು.

"ಕಲ್ಲು ನಿಂಗೆ ಕಾಣಿಸ್ಲಿಲ್ವಾ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಮೊಣಕಾಲು ನೋವಿನ ಸುಳ್ಳು ಹೇಳಿದವಳಿಗೆ ಇದೇನು ಮಹಾ? ಆದರೆ ಆಗಲಿಲ್ಲ.

"ಕಾಣಿಸ್ತು ಅಪ್ಪಾಜಿ."

ಅವರು ಕೆರೆಯ ಕಡೆ ಮುಖ ತಿರುಗಿಸಿದರು. ಕೈ ಮತ್ತೆ ಹುಲ್ಲನ್ನು ಸವರಿತು.

"ಹುಲ್ಲಿರೋ ಜಾಗ ನೋಡಿ ಬೀಳ್ಸಿದೀಯ," ಎಂದರು. ಸಿಟ್ಟಿನಿಂದಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಷಯಾ ಅವರ ಪಕ್ಕದಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಬಾಯಲ್ಲಿ ಹೇಳಿದ್ದರೆ ಕೇಳುತ್ತಿದ್ದಿರಾ ಎಂದು ಅಳುವಿನ ನಡುವೆಯೇ ಕೇಳಿದಳು. ಅವರು ಯೋಚಿಸಿ, ಪ್ರಾಮಾಣಿಕವಾಗಿ, ಇಲ್ಲ, ಕೇಳುತ್ತಿರಲಿಲ್ಲ ಎಂದರು. ಅವಳ ತಲೆಯ ಮೇಲೆ ಕೈಯಿಟ್ಟರು.

ಆ ದಿನವೇ ಎಲ್ಲ ಮುಗಿಯಿತು. ಮನೆಗೆ ಬಂದು ದಾಕ್ಷಾಯಣಮ್ಮನಿಗೆ ತಾವೇ ಎಲ್ಲವನ್ನೂ ಹೇಳಿದರು, ಬಿದ್ದದ್ದು ಹೇಗೆ ಎಂಬುದೊಂದನ್ನು ಬಿಟ್ಟು. ತಮ್ಮ ಸೈಕಲ್ಲುಗಳೆರಡನ್ನೂ ಅವರಿವರಿಗೆ ಕೊಟ್ಟರು. ಅಂಗಡಿಗೆ ಆಟೋದಲ್ಲಿ ಹೋಗತೊಡಗಿದರು. ಮಗಳ ಮೇಲೆ ಒಂದು ಚೂರೂ ಮುನಿಸಿಲ್ಲ. ನನ್ನ ಪ್ರಾಣ ಉಳಿಸಿದವಳು ಎಂದು ನೆಂಟರ ಮುಂದೆ ಹೊಗಳುತ್ತಾರೆ. ಅವಳು ಅಂದುಕೊಂಡ ಹಾಗೆಯೇ ನಡೆಯಿತು, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಈಗ ಸಂಜೆ ಗಾಂಧಿಬಜಾರಿನ ಕಡೆ ಅವರನ್ನು ನಡೆಸಿಕೊಂಡು ಹೋಗುವುದು ಒಂದು ದಿನ ಹೆಂಡತಿ, ಒಂದು ದಿನ ಮಗಳು. ದಾಕ್ಷಾಯಣಮ್ಮ ಮಾತಿನ ಭರದಲ್ಲಿ, ಎಲ್ಲೋ ನೋಡುತ್ತಾ, ಮೆಟ್ಟಿಲು ಎಂದರೆ ಸಾಕು, ವೀರಭದ್ರಯ್ಯನವರು ತಟ್ಟನೆ ಕಾಲೆತ್ತಿ ಇಡುತ್ತಾರೆ. ಅಕ್ಷಯಾ ಅದನ್ನು ಹಿಂದಿನಿಂದ ನೋಡಿದ್ದಾಳೆ. ಅವಳ ಸರದಿಯ ದಿನ ಹಾಗಲ್ಲ. ಫುಟ್‌ಪಾತಿನ ಅಂಚಿಗೆ ಬಂದಾಗ ಅವಳು ನಿಂತು, ಅವರ ಕೈಯನ್ನು ಬಿಗಿಯಾಗಿ ಹಿಡಿದು, "ಒಂದು ಮೆಟ್ಟಿಲು ಇದೆ ಅಪ್ಪಾಜಿ, ಇಳೀರಿ" ಎನ್ನುತ್ತಾಳೆ. ಅವರು ಹೂಂ ಎನ್ನುತ್ತಾರೆ, ಆಡುತ್ತಿದ್ದ ಮಾತನ್ನು ನಗುತ್ತಲೇ ಮುಂದುವರಿಸುತ್ತಾರೆ. ಕಾಲು ಮಾತ್ರ, ಅವರಿಗೇ ತಿಳಿಯದಂತೆ, ಮೆಲ್ಲಗೆ ಮುಂದೆ ಚಾಚಿ ನೆಲವನ್ನು ತಡವಿ ನೋಡುತ್ತದೆ.